ಕ್ರೂಸ್ ಹಡಗಲ್ಲಿ ವಾಂತಿ-ಭೇದಿ ಭಯ, ಸ್ಯಾನಿಟೈಸರ್ ಇದ್ರೆ ಸಾಕಾ?

ಪ್ರಶ್ನೆ:
ಮುಂದಿನ ತಿಂಗಳು ಅಪ್ಪ ಅಮ್ಮನ್ನ ಕರ್ಕೊಂಡು ಕ್ರೂಸ್‌ಗೆ ಹೋಗ್ತಿದೀವಿ, ಇಬ್ರಿಗೂ ವಯಸ್ಸಾಗಿದೆ, ಹಡಗಲ್ಲಿ ವಾಂತಿ-ಭೇದಿ ತರೋ ನೊರೊವೈರಸ್ ಬಂದ್ರೆ ಬೇಗ ಹರಡುತ್ತೆ ಅಂತ ಓದಿ ಭಯ ಆಗ್ತಿದೆ. ಸ್ಯಾನಿಟೈಸರ್ ಬಾಟ್ಲಿ ಇಟ್ಕೊಂಡ್ರೆ ಸಾಕಾ?

ಉತ್ತರ 1:
ಸಾಕಾಗಲ್ಲ. ಆಲ್ಕೋಹಾಲ್ ಸ್ಯಾನಿಟೈಸರ್ ಈ ವೈರಸ್ ಮೇಲೆ ಅಷ್ಟಾಗಿ ಕೆಲ್ಸ ಮಾಡಲ್ಲ, ಯಾಕಂದ್ರೆ ಆಲ್ಕೋಹಾಲ್ ಸುಲಭವಾಗಿ ಹಾಳು ಮಾಡೋ ಕೊಬ್ಬಿನ ಹೊದಿಕೆನೇ ಇದಕ್ಕಿಲ್ಲ. ಸೋಪು ಹಚ್ಚಿ 20 ಸೆಕೆಂಡಾದ್ರೂ ಉಜ್ಜಿ ಹರಿಯೋ ನೀರಲ್ಲಿ ತೊಳೀಬೇಕು, ಉಗುರು ಸಂದಿ, ಹೆಬ್ಬೆರಳು ಬಿಡ್ಬೇಡಿ. ಟಾಯ್ಲೆಟ್‌ಗೆ ಹೋಗ್ಬಂದ್ಮೇಲೆ, ತಿನ್ನೋಕ್ ಮುಂಚೆ ತಪ್ಪಿಸ್ಲೇಬೇಡಿ.

ಉತ್ತರ 2:
ಬಫೆ ಹತ್ರ ಹುಷಾರು. ಎಲ್ರೂ ಮುಟ್ಟಿರೋ ಸೌಟು ಹಿಡ್ದು ಪ್ಲೇಟ್ ತುಂಬಿಸ್ಕೊಂಡು ಅದೇ ಕೈಯಲ್ಲಿ ಬ್ರೆಡ್ಡೋ ಹಣ್ಣೋ ತಿಂತೀವಲ್ಲ, ಅಲ್ಲೇ ಎಡವಟ್ಟಾಗೋದು, ಹಂಗಾಗಿ ಬಡಿಸ್ಕೊಂಡ್ಮೇಲೆ ಇನ್ನೊಂದ್ಸಲ ತೊಳ್ಕೊಳ್ಳಿ. ಲಿಫ್ಟ್ ಬಟನ್, ಮೆಟ್ಲು ಕಂಬಿ ಮುಟ್ಟಿ ಬಾಯಿ ಮುಟ್ಕೋಬೇಡಿ.

ಉತ್ತರ 3:
ಅಕಸ್ಮಾತ್ ಯಾರಿಗಾದ್ರೂ ವಾಂತಿ ಶುರುವಾದ್ರೆ ಮುಚ್ಚಿಡ್ಬೇಡಿ ಪ್ಲೀಸ್, ಹಡಗಿನ ಡಾಕ್ಟರ್‌ಗೆ ತಕ್ಷಣ ಹೇಳಿ ಕ್ಯಾಬಿನ್‌ನಲ್ಲೇ ಇರಿ. ವಾಂತಿ-ಭೇದಿ ನಿಂತ್ಮೇಲೂ ಕನಿಷ್ಠ 48 ಗಂಟೆ ಬೇರೆಯವ್ರ ಜೊತೆ ಬೆರೀಬಾರ್ದು, ಆಗ್ಲೂ ಹರಡುತ್ತೆ. ವಯಸ್ಸಾದವ್ರಿಗೆ ಮೈಯಲ್ಲಿ ನೀರು ಬೇಗ ಕಮ್ಮಿ ಆಗುತ್ತೆ, ಓಆರ್‌ಎಸ್ ಪ್ಯಾಕೆಟ್ ಈಗ್ಲೇ ಬ್ಯಾಗಿಗೆ ಹಾಕ್ಕೊಳ್ಳಿ.