ಬೀರುವಿನೊಳಗಿನ ಗಿಳಿ

ತಾಯ್ನುಡಿಯನ್ನು ಉಳಿಸುವ ಪುಣ್ಯಕಾರ್ಯವನ್ನು ತಾವು ಹಿಂದಿನ ರಾತ್ರಿಯೇ ಮುಗಿಸಿಬಿಟ್ಟಿರುವುದಾಗಿ ರಾಯರು ಘೋಷಿಸಿದರು. ಅಜ್ಜಿಯ ಕಾಲದ 4,000 ಪದಗಳನ್ನು ಸ್ವಂತ ಕಂಠದಲ್ಲಿ ಧ್ವನಿಮುದ್ರಿಸಿ, ಹಾರ್ಡ್ ಡಿಸ್ಕಿಗೆ ತುಂಬಿ, ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರಂತೆ.

"ಇನ್ನು ನಮ್ಮ ಭಾಷೆಗೆ ಸಾವಿಲ್ಲ."

"ಸರಿ, ಉಸಿರಾಡುವುದಕ್ಕೆ ಬೀರುವಿಗೊಂದು ತೂತನ್ನಾದರೂ ಕೊರೆಸಿದ್ದೀರೋ?" ಎಂದ ವಿಶ್ವ.

ಶಾಸ್ತ್ರಿಗಳು ಕೆರಳಿದರು. "ವಿಶ್ವಸಂಸ್ಥೆಯೇ 2022ರಿಂದ 2032ರವರೆಗಿನ ದಶಕವನ್ನು ಮೂಲನಿವಾಸಿಗಳ ಭಾಷೆಗಳಿಗೆ ಮೀಸಲಿಟ್ಟಿರುವಾಗ ನಿನಗೆ ಹುಡುಗಾಟವೇ? ದಾಖಲೆ ಬೇಡವೇ?"

"ಬೇಡವೆಂದವರಾರು ಸ್ವಾಮಿ? ಆದರೆ 1800ರಲ್ಲಿ ದಕ್ಷಿಣ ಅಮೆರಿಕದ ಒರಿನೊಕೊ ನದಿಯ ದಂಡೆಗೆ ಹೋಗಿದ್ದ ಜರ್ಮನ್ ವಿಜ್ಞಾನಿ ಹಂಬೋಲ್ಟ್‌ನಿಗೆ ಅಲ್ಲಿನ ಜನ ಒಂದು ಮುದಿ ಗಿಳಿಯನ್ನು ತೋರಿಸಿ, ಇದು ಅಳಿದುಹೋದ ಅತುರೆಸ್ ಬುಡಕಟ್ಟಿನ ಮಾತನ್ನಾಡುವುದರಿಂದ ಇದರ ಮಾತು ಯಾರಿಗೂ ತಿಳಿಯದು ಎಂದಿದ್ದರು. ರಾಯರ ಡಿಸ್ಕೂ ಅದೇ ಜಾತಿಯ ಗಿಳಿ. ಆ ಗಿಳಿಯಾದರೋ ಹಸಿದಾಗಲಾದರೂ ಬಾಯಿ ಬಿಡುತ್ತಿದ್ದಿರಬೇಕು."

"ಯಹೂದಿಗಳ ಹೀಬ್ರೂ ಪುಸ್ತಕದೊಳಗಿಂದ ಮತ್ತೆ ಆಡುಮಾತಾಗಿ ಎದ್ದು ಬರಲಿಲ್ಲವೇ?" ಎಂದು ರಾಯರು ಪಟ್ಟು ಹಿಡಿದರು.

"ಬಂತು. 1882ರಲ್ಲಿ ಹುಟ್ಟಿದ ಮಗನ ಕಿವಿಗೆ ಬೇರೆ ಭಾಷೆ ಬೀಳದಂತೆ ನೋಡಿಕೊಂಡು, ಗದರಿಸುವುದನ್ನೂ ಮುದ್ದಿಸುವುದನ್ನೂ ಹೀಬ್ರೂವಿನಲ್ಲೇ ನಡೆಸಿದ ಬೆನ್ ಯಹೂದಾನಂಥ ಹಟಮಾರಿ ಅಪ್ಪಂದಿರಿದ್ದರು. ಆ ಮಗುವಿನ ಪಾಡು ಬೇರೆ ಮಾತು. ನ್ಯೂಜಿಲೆಂಡಿನ ಮಾವೊರಿಗಳು 1982ರಲ್ಲಿ 'ಕೊಹಂಗಾ ರೆಯೊ', ಅಂದರೆ ನುಡಿಗೂಡು, ಎಂಬ ಶಿಶುವಿಹಾರಗಳನ್ನು ಆರಂಭಿಸಿ ಭಾಷೆಯನ್ನು ಅಜ್ಜಿಯರ ಬಾಯಿಂದ ಕೂಸುಗಳ ಕಿವಿಗೆ ಹಾಕಿದರು, ಬೀರುವಿಗಲ್ಲ. ಇರಲಿ, ಮೊಮ್ಮಗಳೊಂದಿಗೆ ತಾವು ಯಾವ ಭಾಷೆಯಲ್ಲಿ ಜಗಳವಾಡುತ್ತೀರಿ?"

"ಅವಳಿಗೆ ಅರ್ಥವಾಗುವುದರಲ್ಲಿ."

"ಹಾಗಾದರೆ ಗಿಳಿಗೆ ಇನ್ನೂ ಒಂದು ಬೀಗ ಹಾಕಿಸಿ."

ಶಾಸ್ತ್ರಿಗಳು ನಗಲಿಲ್ಲ. "ಅಂಡಮಾನಿನ ಬೋ ಭಾಷೆಯನ್ನಾಡುತ್ತಿದ್ದ ಕೊನೆಯ ಜೀವ ಬೋವಾ ಸೀನಿಯರ್ 2010ರಲ್ಲಿ ತೀರಿಕೊಂಡರು. ಆ ಮಾತು ಬಲ್ಲವರು ಬೇರೆ ಯಾರೂ ಉಳಿಯದೆ ಅವರು ಹಕ್ಕಿಗಳೊಂದಿಗೆ ಮಾತನಾಡುತ್ತಿದ್ದರಂತೆ. ನಿನ್ನ ಕಥೆಯಲ್ಲಿ ಗಿಳಿಗೆ ಮನುಷ್ಯರಿಲ್ಲ, ಇಲ್ಲಿ ಮನುಷ್ಯರಿಗೆ ಹಕ್ಕಿಯೇ ಗತಿ."

ರಾಯರು ಬೀಗದ ಕೈಯನ್ನು ತಿರುವುತ್ತ ಕುಳಿತಿದ್ದರು. "ನಾನು ನಿದ್ದೆ ಮಾಡದೆ ಕಾಡಿದಾಗಲೆಲ್ಲ ಅಜ್ಜಿ ನನ್ನನ್ನು ಒಂದು ಪದದಿಂದ ಕರೆಯುತ್ತಿದ್ದಳು. ಅದನ್ನೂ ಡಿಸ್ಕಿಗೆ ಸೇರಿಸಿದ್ದೇನೆ, ಯಾವ ನಿಘಂಟಿನಲ್ಲೂ ಅದು ಸಿಗಲಿಲ್ಲ. ಬೈಗುಳವೋ ಮುದ್ದೋ, ಅವಳನ್ನೇ ಕೇಳಬಹುದಿತ್ತು, ಕೇಳಲಿಲ್ಲ."

ಅವರು ಆ ಪದವನ್ನು ಥೇಟ್ ಅಜ್ಜಿಯ ದನಿಯಲ್ಲೇ ಎರಡು ಬಾರಿ ಹೇಳಿ ತೋರಿಸಿದರು. ವಿಶ್ವ ಗಿಳಿಯ ಸುದ್ದಿ ಎತ್ತಲಿಲ್ಲ.