ದುಬೈ ಸೈಟ್‌ನಲ್ಲಿ ಕಿರಿಯ ಇಂಜಿನಿಯರ್ ಮಾತಿಗೆ ಬೆಲೆ ಇದೆಯಾ?

ಹಾವೇರಿ_ಸಿವಿಲ್:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಹೆಣ್ಣೂರು ಕಡೆ ಅಪಾರ್ಟ್‌ಮೆಂಟ್ ಸೈಟ್‌ಗಳಲ್ಲಿ ಆರು ವರ್ಷ ಕೆಲಸ ಮಾಡಿದ್ದೇನೆ. ಈಗ ದುಬೈನ ಒಂದು ಗುತ್ತಿಗೆ ಕಂಪನಿ ಕರೆದಿದೆ. ಸಂಬಳದ ಮಾತು ಮುಗಿದಿದೆ, ನನ್ನ ಚಿಂತೆ ಬೇರೆ. ಹೋದ ತಿಂಗಳು ಒಂದು ಸ್ಲ್ಯಾಬ್‌ನಲ್ಲಿ ಅರ್ಧ ಭಾಗಕ್ಕೆ ಕವರ್ ಬ್ಲಾಕ್ (ಕಂಬಿಯನ್ನು ಹಲಗೆಯಿಂದ ಮೇಲೆ ಎತ್ತಿ ಹಿಡಿಯುವ ಸಣ್ಣ ಬಿಲ್ಲೆ) ಇಟ್ಟಿರಲಿಲ್ಲ. ಕಂಬಿ ಹಲಗೆಗೇ ತಾಗಿತ್ತು. ಇವತ್ತು ಕಾಂಕ್ರೀಟ್ ಹಾಕೋದು ಬೇಡ ಅಂದೆ. "ಲಾರಿ ಬಂದಾಯ್ತು, ಹಾಕಿ" ಅಂದರು ಬಿಲ್ಡರ್. ಹಾಕಿದೆವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಲ್ಲಿ ಹತ್ತಾರು ದೇಶದವರು ಸೇರಿ ಕಟ್ಟುತ್ತಾರಲ್ಲ, ಅಲ್ಲೂ ಹೀಗೇನಾ?

ಕುಂದಾಪುರದವ:
ತಮ್ಮಾ, ನಾನು 2006ರಿಂದ ಎಂಟು ವರ್ಷ ದುಬೈನಲ್ಲಿದ್ದೆ. ಮೊದಲ ಬೇಸಿಗೆಯ ಒಂದು ರಾತ್ರಿ ಹೇಳುತ್ತೇನೆ. ಅಲ್ಲಿ ಬೇಸಿಗೆಯಲ್ಲಿ ದೊಡ್ಡ ಕಾಂಕ್ರೀಟ್ ಕೆಲಸವೆಲ್ಲ ರಾತ್ರಿಯೇ. ಹಗಲಿನ ಬಿಸಿಗೆ ಬೇಗ ಗಟ್ಟಿಯಾಗುತ್ತದೆ, ಆಮೇಲೆ ಬಿರುಕು ಬಿಡುತ್ತದೆ. ನಮ್ಮ ಕೆಲಸದಲ್ಲಿ ಕಾಂಕ್ರೀಟ್‌ನ ಬಿಸಿಗೆ 32 ಡಿಗ್ರಿ ಮಿತಿ ಇತ್ತು. ಎರಡು ಗಂಟೆಗೆ ಬಂದ ಲಾರಿಯಲ್ಲಿ 34 ತೋರಿಸಿತು. ಥರ್ಮಾಮೀಟರ್ ಹಿಡಿದಿದ್ದವನು ಫಿಲಿಪೈನ್ಸ್‌ನ ಹುಡುಗ, ನನಗಿಂತ ಚಿಕ್ಕವನು. "ವಾಪಸ್" ಅಂದ, ಅಷ್ಟೇ. ಪ್ರಾಜೆಕ್ಟ್ ಮ್ಯಾನೇಜರ್ ಪಕ್ಕದಲ್ಲೇ ನಿಂತಿದ್ದರು, ಬಾಯಿ ಬಿಡಲಿಲ್ಲ. ಮುಂದಿನ ಲಾರಿಗೆ ಮಂಜುಗಡ್ಡೆ ಜಾಸ್ತಿ ಹಾಕಿಸಿ ಅಂತ ಪ್ಲಾಂಟ್‌ಗೆ ಫೋನ್ ಮಾಡಿದರು. ಸೈಟ್ ನಡೆಸುವುದು ಅಂದರೆ ಏನು ಅಂತ ನಾನು ಕಲಿತದ್ದು ಅವತ್ತೇ.

ಅದೇ ಹೊತ್ತಿಗೆ ಬುರ್ಜ್ (ಈಗಿನ ಬುರ್ಜ್ ಖಲೀಫಾ ಗೋಪುರ) ಏಳುತ್ತಿತ್ತು. ಕೊರಿಯಾದ ಸ್ಯಾಮ್‌ಸಂಗ್, ಬೆಲ್ಜಿಯಂನ ಬೆಸಿಕ್ಸ್, ಅಲ್ಲಿನದೇ ಅರಬ್‌ಟೆಕ್ ಸೇರಿ ಕಟ್ಟಿದ್ದು. ನಕ್ಷೆ ಅಮೆರಿಕದವರದು. 828 ಮೀಟರ್. ಇಷ್ಟು ಜನ ಒಂದೇ ಕಡೆ ಕೆಲಸ ಮಾಡುವಾಗ ಬಾಯಿಮಾತು ನಡೆಯುವುದಿಲ್ಲ. ಕಂಬಿ ಕಟ್ಟಿದ ಮೇಲೆ ತಪಾಸಣೆಗೆ ಅರ್ಜಿ ಕೊಡಬೇಕು. ಮಾಲೀಕರ ಪರವಾಗಿ ಕೆಲಸ ನೋಡಿಕೊಳ್ಳುವ ಕನ್ಸಲ್ಟೆಂಟ್ ಕಡೆಯವರು ಟೇಪ್ ಹಿಡಿದು ಬಂದು ನೋಡಿ ಸಹಿ ಹಾಕಬೇಕು. ಸಹಿ ಇಲ್ಲದೆ ಪಂಪ್ ಶುರುವಾಗುವುದಿಲ್ಲ. ನಿಮ್ಮ ಕವರ್ ಬ್ಲಾಕ್ ಅಲ್ಲೇ ಸಿಕ್ಕಿಬೀಳುತ್ತಿತ್ತು.

ಆದರೆ ಈ "ಬೇಡ" ಅನ್ನುವ ಹಕ್ಕು ಕೂಲಿಯವರೆಗೆ ಇಳಿದದ್ದನ್ನು ನಾನು ಕಾಣಲಿಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಬಿಸಿಲಲ್ಲಿ ಕೆಲಸ ಮಾಡಿಸುವ ಹಾಗಿಲ್ಲ ಅಂತ ಕಾನೂನಿದೆ. ಬಿಸಿಲಿಗೆ ಕುಸಿದವರನ್ನು ನಾನೇ ನೆರಳಿಗೆ ಎತ್ತಿಕೊಂಡು ಹೋಗಿದ್ದೇನೆ, ಬೆಳಿಗ್ಗೆ ಹನ್ನೊಂದಕ್ಕೆ. ನೀವು ಇಂಜಿನಿಯರ್ ಆಗಿ ಹೋಗುತ್ತಿದ್ದೀರಿ. ಆ ಗಡಿಯಾರವನ್ನು ನೀವು ಕಾಯಬೇಕು.

ಸಿಂಗಪುರ_ಶಿರಸಿ:
ಹಣ ಎಲ್ಲಿಂದ ಬರುತ್ತದೆ ಅಂತಲೂ ನೋಡಿಕೊಳ್ಳಿ. ಸಿಂಗಪುರದಲ್ಲಿ ಹೆಚ್ಚು ಜನ ಇರುವುದು ಸರ್ಕಾರದ ವಸತಿ ಮಂಡಳಿ ಕಟ್ಟಿದ ಫ್ಲಾಟ್‌ಗಳಲ್ಲಿ. ಆ ಮಂಡಳಿ 1960ರಿಂದ ಕಟ್ಟುತ್ತಲೇ ಇದೆ. 2007ರಲ್ಲಿ ಇಂಡೋನೇಷ್ಯಾ ಮರಳು ಕೊಡುವುದು ನಿಲ್ಲಿಸಿದಾಗ ಕೆಲಸ ನಿಲ್ಲದಿರಲಿ ಅಂತ ಸರ್ಕಾರ ಕೂಡಿಟ್ಟಿದ್ದ ಮರಳನ್ನು ಹೊರಗೆ ತೆಗೆಯಿತು.

ಕುಂದಾಪುರದವ:
ನಿಜ. 2009ರ ನವೆಂಬರ್‌ನಲ್ಲಿ ದುಬೈ ಸರ್ಕಾರದ ಕಂಪನಿ ದುಬೈ ವರ್ಲ್ಡ್ ಸಾಲ ತೀರಿಸಲು ಸಮಯ ಕೇಳಿತು. ಅದಕ್ಕೂ ಮುಂಚೆಯೇ ನಮ್ಮ ಸೈಟ್ ನಿಂತಿತ್ತು. ಕ್ರೇನ್‌ಗಳು ಹಾಗೇ ನಿಂತಿದ್ದವು, ಮೂರು ತಿಂಗಳು ಸಂಬಳವಿಲ್ಲ. ಕೊನೆಗೆ ಅಬುಧಾಬಿ 1,000 ಕೋಟಿ ಡಾಲರ್ ಕೊಟ್ಟಿತು. 2010ರ ಜನವರಿ 4ರಂದು ಉದ್ಘಾಟನೆಯ ದಿನ ಬುರ್ಜ್ ದುಬೈ ಹೋಗಿ ಬುರ್ಜ್ ಖಲೀಫಾ ಆಯಿತು, ಅಬುಧಾಬಿಯ ಆಗಿನ ದೊರೆಯ ಹೆಸರು.

ಇಂಟರ್‌ವ್ಯೂನಲ್ಲಿ ಎರಡು ವಿಷಯ ಕೇಳಿ. ಕಟ್ಟಡದ ಮಾಲೀಕರು ಯಾರು? ಲಾರಿ ವಾಪಸ್ ಕಳಿಸುವ ಅಧಿಕಾರ ಯಾರ ಕೈಯಲ್ಲಿದೆ? ಮತ್ತೆ ಪಾಸ್‌ಪೋರ್ಟ್ ಇಟ್ಟುಕೊಳ್ಳಲು ಯಾರಿಗೂ ಕೊಡಬೇಡಿ. ಕಂಪನಿ ಅದನ್ನು ಇಟ್ಟುಕೊಳ್ಳುವುದು ಅಲ್ಲಿನ ಕಾನೂನಿಗೆ ವಿರುದ್ಧ.

ಹಾವೇರಿ_ಸಿವಿಲ್:
ತುಂಬಾ ಥ್ಯಾಂಕ್ಸ್ ಅಣ್ಣಾ. ಗುರುವಾರ ಅವರ ಜೊತೆ ಮಾತಿದೆ. ಲಾರಿಯ ವಿಷಯ ಮೊದಲು ಕೇಳುತ್ತೇನೆ. ಏನಂದರು ಅಂತ ಇಲ್ಲೇ ಬರೆಯುತ್ತೇನೆ.