ಡಿವಿಡಿ ಬರ್ನ್ ಆಗ್ತಾ ಇಲ್ಲ, 87ಕ್ಕೆ ಬಂದು ನಿಲ್ಲುತ್ತದೆ: ರಿಪೇರಿಯವರನ್ನು ಕೇಳಿ

ಪ್ರಶ್ನೆ (ಸಂತೆಕಟ್ಟೆ, ಉಡುಪಿ)

ಸರ್, ನಮಸ್ಕಾರ. ಮಂಡೆ ಬಿಸಿ ಆಗಿ ಬರೆಯುತ್ತಿದ್ದೇನೆ. ಕಾರ್ಕಳದ ಹತ್ತಿರ ನಮ್ಮ ಮನೆಯಲ್ಲಿ ಈ ಸಲ ಹರಕೆ ಆಟ (ಯಕ್ಷಗಾನ) ಇತ್ತು. ಆರು ಗಂಟೆಯ ವಿಡಿಯೊ ಉಂಟು. ಅಪ್ಪನಿಗೆ ಅದು ಡಿವಿಡಿಯಲ್ಲೇ ಬೇಕು. ಊರಲ್ಲಿ ಹಳೆಯ ಪ್ಲೇಯರ್ ಇದೆ, ಅವರಿಗೆ ಒತ್ತಲು ಬರುವ ರಿಮೋಟ್ ಅದೊಂದೇ.

ನನ್ನದು ಹತ್ತು ವರ್ಷದ ಡೆಸ್ಕ್‌ಟಾಪ್, ವಿಂಡೋಸ್ 10. ಡಿವಿಡಿ ಬರೆಯುವ ರೈಟರ್ ಒಳಗೇ ಇದೆ. ಕಪಾಟಿನಲ್ಲಿ ಆರೇಳು ವರ್ಷದಿಂದ ಬಿದ್ದಿದ್ದ 50ರ ಡಬ್ಬದಿಂದ ಖಾಲಿ ಡಿಸ್ಕ್ ತೆಗೆದು ಹಾಕಿದೆ. ಏಳು ಡಿಸ್ಕ್ ಹಾಳು. ಎರಡರಲ್ಲಿ ಶುರುವಿಗೇ 'ಪವರ್ ಕ್ಯಾಲಿಬ್ರೇಶನ್ ಎರರ್'. ನಾಲ್ಕು ಚೆನ್ನಾಗಿ ಓಡಿ ಶೇಕಡಾ 85, 87ಕ್ಕೆ ಬಂದು 'ರೈಟ್ ಎರರ್'. ಕೊನೆಯದು ಪೂರ್ತಿ ಆಯಿತು, ಕಂಪ್ಯೂಟರಿನಲ್ಲಿ ತೆರೆಯುತ್ತದೆ, ಆದರೆ ಅಪ್ಪನ ಪ್ಲೇಯರ್ 'ನೋ ಡಿಸ್ಕ್' ಅನ್ನುತ್ತದೆ. ಅಂಗಡಿಯಲ್ಲಿ ಕೇಳಿದರೆ ರೈಟರ್ ಹೋಗಿದೆ, ಹೊಸದು ಹಾಕಿ ಅಂದರು. ಹೌದಾ?

ಉತ್ತರ

ಸ್ವಲ್ಪ ತಡೆಯಿರಿ ಮಾರಾಯ್ರೆ, ಈಗಲೇ ದುಡ್ಡು ಖರ್ಚು ಮಾಡಬೇಡಿ. ನಿಮ್ಮದು ಒಂದು ತೊಂದರೆ ಅಲ್ಲ, ಮೂರು.

ಯಾರಾದರೂ ಹಾಳಾದ ಡಿಸ್ಕ್ ಹಿಡಿದುಕೊಂಡು ಬಂದರೆ ನಾನು ಮೊದಲು ಕೇಳುವುದು ಎರರ್ ನಂಬರ್ ಅಲ್ಲ. "ಎಲ್ಲಿಗೆ ನಿಂತಿತು?" ಅಂತ ಕೇಳುತ್ತೇನೆ. ಶುರುವಿಗೆ ನಿಂತರೆ ಒಂದು ಕಥೆ, ನಡುವೆ ನಿಂತರೆ ಇನ್ನೊಂದು, ಮುಗಿದ ಮೇಲೆ ಓಡದಿದ್ದರೆ ಮತ್ತೊಂದು.

ನಡುವೆ ನಿಂತದ್ದರಿಂದ ಶುರು ಮಾಡುವ, ನಿಮ್ಮ ನಾಲ್ಕು ಡಿಸ್ಕ್ ಹೋದದ್ದು ಅಲ್ಲೇ. ಅದರಲ್ಲಿ ಒಂದನ್ನು ಕಿಟಕಿ ಹತ್ತಿರ ತನ್ನಿ. ನೇರಳೆ ಬದಿಯನ್ನು ಬೆಳಕಿಗೆ ಓರೆ ಮಾಡಿ ಹಿಡಿಯಿರಿ. ಒಳಗಿನ ತೂತಿನ ಸುತ್ತ ಒಂದು ಛಾಯೆ, ಹೊರಗೆ ಇನ್ನೊಂದು ಛಾಯೆ ಕಾಣುತ್ತದೆ ಅಲ್ವಾ? ಎರಡೂ ಸೇರುವ ಗೆರೆಯೇ ಲೇಸರ್ ಕೈಬಿಟ್ಟ ಜಾಗ. ಡಿಸ್ಕ್ ತುಂಬುವಷ್ಟು ಫೈಲ್ ಹಾಕಿ 87ಕ್ಕೆ ನಿಂತಿದ್ದರೆ ಆ ಗೆರೆ ಅಂಚಿನಿಂದ ಸುಮಾರು ಅರ್ಧ ಸೆಂಟಿಮೀಟರ್ ಒಳಗೆ ಇರಬೇಕು. ನಾಲ್ಕರಲ್ಲೂ ಹೆಚ್ಚುಕಮ್ಮಿ ಅಲ್ಲೇ ಇದ್ದರೆ ನನಗೆ ಬೇರೆ ಸಾಕ್ಷಿ ಬೇಡ.

ಡಿವಿಡಿ ಬರೆಯುವುದು ಒಳಗಿನಿಂದ ಹೊರಗೆ. ಡಿಸ್ಕ್ ಮೇಲೆ 16ಎಕ್ಸ್ ಅಂತ ಇದ್ದರೂ ಆ ವೇಗ ಸಿಗುವುದು ಅಂಚಿನ ಹತ್ತಿರ ಮಾತ್ರ. ಹೆಚ್ಚಿನ ರೈಟರ್‌ಗಳು 6 ಅಥವಾ 7ರಲ್ಲಿ ಶುರು ಮಾಡಿ ಮೆಲ್ಲ ಏರುತ್ತಾ ಹೋಗುತ್ತವೆ. ಡಿಸ್ಕ್ ಸ್ವಲ್ಪ ಬಾಗಿದ್ದರೆ ಅದರ ಕುಣಿತ ಜಾಸ್ತಿ ಆಗುವುದೂ ಅಂಚಿನಲ್ಲೇ. ಒಳಗಿನ ಬಣ್ಣದ ಪದರವನ್ನು ಫ್ಯಾಕ್ಟರಿಯಲ್ಲಿ ಹಚ್ಚುವುದು ಡಿಸ್ಕ್ ತಿರುಗಿಸಿ, ಹಾಗಾಗಿ ಅದು ಏರುಪೇರಾಗುವುದಿದ್ದರೆ ಅದೂ ಅಂಚಿನಲ್ಲೇ. ನಮ್ಮ ಬೆರಳಚ್ಚು ಬೀಳುವುದೂ ಅಲ್ಲೇ. ಹಳೆಯ ಡಿಸ್ಕ್, ಪೂರ್ತಿ ವೇಗ, ಅಂಚು: ಮೂರೂ ಒಟ್ಟು ಸೇರಿದ ಜಾಗದಲ್ಲಿ ನಿಮ್ಮದು ಬಿದ್ದದ್ದು.

ವೇಗ 8ಎಕ್ಸ್‌ಗೆ ಇಳಿಸಿ. 'ಆಟೊ' ಅಥವಾ 'ಮ್ಯಾಕ್ಸ್' ಬೇಡ. 8ಎಕ್ಸ್ ಅಂದರೆ ಸೆಕೆಂಡಿಗೆ ಸುಮಾರು 11 ಎಂಬಿ, ತುಂಬಿದ ಡಿಸ್ಕ್ ಏಳೆಂಟು ನಿಮಿಷದಲ್ಲಿ ಮುಗಿಯುತ್ತದೆ. ಎರಡು ಮೂರು ನಿಮಿಷ ಉಳಿಸಲಿಕ್ಕೆ ಹೋಗಿ ನಾಲ್ಕು ಡಿಸ್ಕ್ ಕಳೆದುಕೊಂಡಿರಿ. ಹಾಗಂತ ನಿಧಾನ ಆದಷ್ಟೂ ಒಳ್ಳೆಯದು ಅಂತ 2ಎಕ್ಸ್‌ಗೆ ಇಳಿಸಲೂ ಬೇಡಿ. 16ಎಕ್ಸ್‌ಗೆ ಅಂತ ಮಾಡಿದ ಡಿಸ್ಕ್ ತೀರಾ ನಿಧಾನದಲ್ಲೂ ಕೆಟ್ಟದಾಗಿ ಬರೆಯುವುದುಂಟು.

ಇನ್ನೊಂದು, ಸಿಪಿಯು ಬಂದ್ ಮಾಡಿ, ಪ್ಲಗ್ ತೆಗೆದು, ರೈಟರ್ ಹಿಂದಿನ ಸಾಟಾ ಕೇಬಲ್ ಒಮ್ಮೆ ಕಿತ್ತು ಮತ್ತೆ ಒತ್ತಿ ಕೂರಿಸಿ. ನಮ್ಮ ಕರಾವಳಿಯ ಗಾಳಿಗೆ ಹತ್ತು ವರ್ಷ ನಿಂತ ಕನೆಕ್ಟರ್ ಅದು.

ಈಗ ಶುರುವಿಗೆ ನಿಂತ ಎರಡು. ಪ್ರತಿ ಖಾಲಿ ಡಿಸ್ಕ್ ಹಾಕಿದಾಗಲೂ ರೈಟರ್ ಮೊದಲು ಒಳಗಿನ ಒಂದು ಚಿಕ್ಕ ಜಾಗದಲ್ಲಿ ಲೇಸರ್ ಹೊಡೆದು ನೋಡುತ್ತದೆ, ಈ ಡಿಸ್ಕಿಗೆ ಎಷ್ಟು ಪವರ್ ಬೇಕು ಅಂತ. ನೀರುದೋಸೆ ಹೊಯ್ಯುವ ಮೊದಲು ಕಾವಲಿಗೆ ನೀರು ಚಿಮುಕಿಸಿ ನೋಡುತ್ತೇವಲ್ಲ, ಹಾಗೆ. ಆ ಲೆಕ್ಕ ಸಿಗದಿದ್ದರೆ 'ಪವರ್ ಕ್ಯಾಲಿಬ್ರೇಶನ್ ಎರರ್'. ಕಾರಣ ಡಿಸ್ಕ್ ಹಳತಾಗಿರುವುದು, ಲೆನ್ಸಿಗೆ ಧೂಳು ಕೂತಿರುವುದು, ಇಲ್ಲಾ ಲೇಸರ್ ಸೋತಿರುವುದು. ಅಗ್ಗದಿಂದ ಶುರು ಮಾಡಿ. ಬೇರೆ ಕಂಪನಿಯ ಹೊಸ ಡಿಸ್ಕ್ ಬಿಡಿಯಾಗಿ ಎರಡೇ ಎರಡು ತನ್ನಿ. ಡಬ್ಬ ತರಬೇಡಿ. ಜೊತೆಗೆ ಒಂದು ಖಾಲಿ ಸಿಡಿಯನ್ನೂ ಬರ್ನ್ ಮಾಡಿ ನೋಡಿ. ಸಿಡಿಗೆ ಮತ್ತು ಡಿವಿಡಿಗೆ ರೈಟರ್ ಒಳಗೆ ಬೇರೆ ಬೇರೆ ಲೇಸರ್, ಸಿಡಿಗೆ 780 ನ್ಯಾನೊಮೀಟರ್, ಡಿವಿಡಿಗೆ 650. ಹೊಸ ಡಿವಿಡಿ ಎರಡೂ ಬೀಳದೆ ಸಿಡಿ ಮಾತ್ರ ಸರಿಯಾಗಿ ಬಂದರೆ, ಡಿವಿಡಿ ಲೇಸರ್ ಹೋಗಿದೆ ಅಂತ ನಾನೂ ಒಪ್ಪುತ್ತೇನೆ. ಆಗ ಅಂಗಡಿಯವರು ಹೇಳಿದ್ದೇ ಸರಿ.

ಏಳನೆಯ ಡಿಸ್ಕ್ ಬಗ್ಗೆ ಒಂದು ಮಾತು ಹೇಳಿ. ಹಾಕುವಾಗ ವಿಂಡೋಸ್ ಒಂದು ಪ್ರಶ್ನೆ ಕೇಳಿತ್ತಲ್ಲ, ನೀವು ಯಾವುದು ಒತ್ತಿದ್ದು?

ಕೇಳಿದವರು

ಮೇಲಿನದು ಸರ್. 'ಲೈಕ್ ಎ ಯುಎಸ್‌ಬಿ ಫ್ಲ್ಯಾಶ್ ಡ್ರೈವ್'. ಸುಲಭ ಅನ್ನಿಸಿತು. ಎಂಪಿ4 ಫೈಲ್ ಎಳೆದು ಹಾಕಿದೆ.

ಕಿಟಕಿ ಹತ್ತಿರ ನೋಡಿದೆ. ನಾಲ್ಕರಲ್ಲೂ ಗೆರೆ ಅಂಚಿನ ಹತ್ತಿರವೇ ಇದೆ!

ಉತ್ತರ

ಹಾಗಾದರೆ ರೈಟರ್ ಪಾಪ, ಅದರ ಕೆಲಸ ಸರಿಯಾಗಿಯೇ ಮಾಡಿದೆ. ನೀವು ಒತ್ತಿದ್ದು ಪೆನ್‌ಡ್ರೈವ್ ಥರ ಸೇರಿಸುತ್ತಾ ತೆಗೆಯುತ್ತಾ ಹೋಗುವ ವಿಧಾನ. ಅದು ಕಂಪ್ಯೂಟರಿಗೆ ಅರ್ಥ ಆಗುತ್ತದೆ, ಟಿವಿ ಪಕ್ಕದ ಹಳೆಯ ಪ್ಲೇಯರಿಗೆ ಆಗುವುದಿಲ್ಲ.

ಕೆಳಗಿನ 'ವಿತ್ ಎ ಸಿಡಿ/ಡಿವಿಡಿ ಪ್ಲೇಯರ್' ಒತ್ತಿದ್ದರೂ ಸಾಲುತ್ತಿರಲಿಲ್ಲ. ಅದು ಫೈಲುಗಳನ್ನು ಒಟ್ಟಿಗೆ ಡಿಸ್ಕಿಗೆ ಬರೆದು ಕೊಡುತ್ತದೆ, ಅಷ್ಟೆ. ಒಳಗಿನ ಎಂಪಿ4 ಎಂಪಿ4 ಆಗಿಯೇ ಉಳಿಯುತ್ತದೆ. ಹಳೆಯ ಪ್ಲೇಯರ್ ಹುಡುಕುವುದು 'ವಿಡಿಯೊ ಟಿಎಸ್' ಅನ್ನುವ ಫೋಲ್ಡರ್, ಅದರೊಳಗೆ ಎಂಪೆಗ್-2 ವಿಡಿಯೊ. ಡಿವಿಡಿಸ್ಟೈಲರ್ ಅನ್ನುವ ಸಾಫ್ಟ್‌ವೇರ್ ಬಿಟ್ಟಿ ಸಿಗುತ್ತದೆ, ಅದರಲ್ಲಿ ಪರಿವರ್ತಿಸಿ. ಪಾಲ್ ಅಂತ ಆರಿಸಿ, ನಮ್ಮ ದೇಶದ ಟಿವಿಗೆ ಅದೇ: 720x576, ಸೆಕೆಂಡಿಗೆ 25 ಚಿತ್ರ. ನೇರ ಡಿಸ್ಕಿಗೆ ಬರೆಯಬೇಡಿ, ಮೊದಲು ಐಎಸ್ಒ ಫೈಲ್ (ಇಡೀ ಡಿಸ್ಕಿನ ನಕಲು ಒಂದೇ ಫೈಲಿನಲ್ಲಿ) ಮಾಡಿ ಇಟ್ಟುಕೊಳ್ಳಿ. ಆಮೇಲೆ ಇಮ್ಗ್‌ಬರ್ನ್ ಅನ್ನುವ ಸಾಫ್ಟ್‌ವೇರ್‌ನಲ್ಲಿ 8ಎಕ್ಸ್‌ಗೆ ಬರೆಯಿರಿ, 'ವೆರಿಫೈ'ಗೆ (ಬರೆದದ್ದನ್ನು ಮತ್ತೆ ಓದಿ ನೋಡುವುದು) ಟಿಕ್ ಇರಲಿ. ಇಮ್ಗ್‌ಬರ್ನ್ 2013ರ ನಂತರ ಬದಲಾಗಿಲ್ಲ, ನಾನು ಇವತ್ತಿಗೂ ಅದನ್ನೇ ಬಳಸುವುದು. ಖಾಲಿ ಡಿಸ್ಕಿನಲ್ಲಿ ಎರಡು ಬಗೆ ಉಂಟು, ಹಳೆಯ ಪ್ಲೇಯರ್ ಆದ್ದರಿಂದ ಡಿವಿಡಿ ಪ್ಲಸ್ ಆರ್‌ಗಿಂತ ಡಿವಿಡಿ ಮೈನಸ್ ಆರ್ ತನ್ನಿ.

ಇನ್ನೊಬ್ಬ ಸದಸ್ಯರು (ಬಿಜೈ, ಮಂಗಳೂರು)

ಈ ಕಾಲದಲ್ಲಿ ಎಂತಕ್ಕೆ ಮಾರಾಯ್ರೆ ಡಿವಿಡಿ? ಯೂಟ್ಯೂಬಿಗೆ ಹಾಕಿ ಲಿಂಕ್ ಕಳಿಸಿದರೆ ಮುಗೀತು. ಇಲ್ಲಾ ಪೆನ್‌ಡ್ರೈವ್ ಕೊಡಿ.

ಕೇಳಿದವರು

ಅಣ್ಣ, ಮನೆ ಇರುವುದು ಗುಡ್ಡದ ಬುಡದಲ್ಲಿ. ಫೋನ್ ಬಂದರೆ ಅಂಗಳದ ಮೂಲೆಗೆ ಓಡಬೇಕು. ಯೂಟ್ಯೂಬ್ ಎಲ್ಲಿಂದ!

ಉತ್ತರ

ಪೆನ್‌ಡ್ರೈವ್ ಕೆಟ್ಟ ಸಲಹೆ ಅಲ್ಲ. ಪ್ಲೇಯರಿನ ಮುಂದೆ ಯುಎಸ್‌ಬಿ ಕಿಂಡಿ ಇದ್ದರೆ ನೋಡಬಹುದು. ಆದರೆ ಆ ಕಾಲದ ಪ್ಲೇಯರ್‌ಗಳು ಸಾಮಾನ್ಯವಾಗಿ ಓದುವುದು ಫ್ಯಾಟ್32 ಅನ್ನುವ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್ ಮಾತ್ರ, ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವ ಹಾಗಿಲ್ಲ. ಮೊಬೈಲಿನ ಎಂಪಿ4 ಹೆಚ್ಚಿನವಕ್ಕೆ ಅರ್ಥವೂ ಆಗುವುದಿಲ್ಲ. ಅಪ್ಪನಿಗೆ ರಿಮೋಟಿನಲ್ಲಿ ಇನ್ನೊಂದು ಬಟನ್ ಕಲಿಸಲಿಕ್ಕೂ ಉಂಟು. ಅವರು ಕೇಳಿದ್ದು ಡಿವಿಡಿ, ಅದನ್ನೇ ಮಾಡುವ.

ಕೇಳಿದವರು

ಎರಡು ಸಂಶಯ ಸರ್. ಒಂದು, ಡಿಸ್ಕ್ ಮೇಲೆ 4.7 ಜಿಬಿ ಅಂತ ಬರೆದಿದೆ, ನನ್ನ ಫೋಲ್ಡರ್ 4.5. ಆದರೂ ಜಾಗ ಸಾಲದು ಅನ್ನುತ್ತದೆ. ಇನ್ನೊಂದು, ಆರು ಗಂಟೆಯನ್ನೂ ಒಂದೇ ಡಿಸ್ಕಿಗೆ ಹಾಕಬಹುದಾ?

ಉತ್ತರ

ಮೊದಲನೆಯದು ಲೆಕ್ಕದ ಜಗಳ. ಡಿಸ್ಕ್ ಮಾಡಿದವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಅವರ 4.7 ವಿಂಡೋಸಿನಲ್ಲಿ ಸುಮಾರು 4.38. ನಿಮ್ಮ 4.5 ಹಿಡಿಯುವುದಿಲ್ಲ.

ಆರು ಗಂಟೆ ಒಂದೇ ಡಿಸ್ಕಿಗೆ ತುರುಕಬಹುದು. ಆದರೆ ಬೇಡ. ಎರಡು ಗಂಟೆಗೆ ಒಂದು ಡಿಸ್ಕ್ ಅಂದರೆ ಸೆಕೆಂಡಿಗೆ 5 ಮೆಗಾಬಿಟ್ ಸಿಗುತ್ತದೆ, ಚಿತ್ರ ಚೆಂದ ಇರುತ್ತದೆ. ಆರು ಗಂಟೆ ಹಾಕಿದರೆ 2 ಕೂಡ ಇಲ್ಲ. ಭಾಗವತರು ಕೂತು ಹಾಡುವಾಗ ಏನೂ ಗೊತ್ತಾಗಲಿಕ್ಕಿಲ್ಲ. ಪುಂಡುವೇಷ ಗಿರಗಿರ ಸುತ್ತಿ ಧೀಂಗಿಣ ಹೊಡೆಯಲು ಶುರು ಮಾಡಿದ ಕೂಡಲೇ ಚಿತ್ರ ಚೌಕ ಚೌಕ ಆಗಿ ಒಡೆಯುತ್ತದೆ. ಅಪ್ಪ ನೋಡಬೇಕು ಅಂತ ಕೂತದ್ದೇ ಅದನ್ನು. ಮೂರು ಡಿಸ್ಕ್ ಮಾಡಿ.

ಸಿ ಡ್ರೈವಿನಲ್ಲಿ ಜಾಗ ಎಷ್ಟಿದೆ ನೋಡಿ. ಪರಿವರ್ತಿಸುವಾಗ ತಾತ್ಕಾಲಿಕ ಫೈಲ್, ಐಎಸ್ಒ ಎಲ್ಲ ಸೇರಿ ಒಂದು ಡಿಸ್ಕಿಗೆ 10 ಜಿಬಿ ಖಾಲಿ ಇದ್ದರೆ ನಿರಾಳ. ಪಟ್ಟಿ ಕೆಂಪಾಗಿದ್ದರೆ ಮೊದಲು ಅದನ್ನು ಸರಿ ಮಾಡಿ.

ಮತ್ತೊಂದು ಪ್ರಶ್ನೆ (ಕಂಕನಾಡಿ, ಮಂಗಳೂರು)

ಇಲ್ಲೇ ಕೇಳುತ್ತೇನೆ ಅಣ್ಣ. ನನ್ನದು ಲ್ಯಾಪ್‌ಟಾಪ್, ಹೊರಗಿನಿಂದ ಸಿಕ್ಕಿಸುವ ತೆಳು ರೈಟರ್. ಓದುತ್ತದೆ, ಬರೆಯುವಾಗ ಟಿಕ್ ಟಿಕ್ ಅಂತ ಶಬ್ದ ಬಂದು ಡ್ರೈವೇ ಮಾಯ. ಮತ್ತೆ ತಾನಾಗಿ ಬರುತ್ತದೆ. ನಿಂತ ಜಾಗ ಪ್ರತಿ ಸಲ ಬೇರೆ ಬೇರೆ.

ಉತ್ತರ

ಜಾಗ ಬೇರೆ ಬೇರೆ ಅಂದಿರಲ್ಲ, ಹಾಗಿದ್ದರೆ ಡಿಸ್ಕ್ ಮೇಲೆ ಅನುಮಾನ ಕಡಿಮೆ. ಕರೆಂಟ್ ಸಾಲುತ್ತಿಲ್ಲ. ಓದುವುದಕ್ಕಿಂತ ಬರೆಯುವಾಗ ಲೇಸರ್ ಜಾಸ್ತಿ ಎಳೆಯುತ್ತದೆ. ಯುಎಸ್‌ಬಿ 2 ಕಿಂಡಿ ಕೊಡುವುದು 500 ಮಿಲಿಆಂಪ್, ಯುಎಸ್‌ಬಿ 3 ಆದರೆ 900. ಹಬ್ ಇದ್ದರೆ ತೆಗೆಯಿರಿ, ಉದ್ದದ ಕೇಬಲ್ ಬೇಡ, ನೀಲಿ (ಯುಎಸ್‌ಬಿ 3) ಕಿಂಡಿಗೆ ನೇರ ಹಾಕಿ, ಚಾರ್ಜರ್ ಸಿಕ್ಕಿಸಿಯೇ ಇರಲಿ. ಡ್ರೈವಿನ ಜೊತೆ ಎರಡು ತಲೆಯ ಕೇಬಲ್ ಕೊಟ್ಟಿದ್ದರೆ ಎರಡನ್ನೂ ಸಿಕ್ಕಿಸಬೇಕು. ಒಂದನ್ನು ಸುಮ್ನೆ ನೇತಾಡಲು ಬಿಟ್ಟವರನ್ನು ತುಂಬಾ ನೋಡಿದ್ದೇನೆ.

ಇದೆಲ್ಲ ಮಾಡಿಯೂ ಆಗದಿದ್ದರೆ ಲೆನ್ಸ್ ನೋಡಿ. ತೆಳು ಡ್ರೈವಿನಲ್ಲಿ ಟ್ರೇ ಎಳೆದರೆ ಲೆನ್ಸ್ ಮೇಲೆಯೇ ಕಾಣುತ್ತದೆ, ಸಾಸಿವೆಗಿಂತ ಸ್ವಲ್ಪ ದೊಡ್ಡ ಗಾಜಿನ ಹನಿ ಥರ. ಕೇಬಲ್ ಕಿತ್ತ ಮೇಲೆ, ಕಿವಿಗೆ ಹಾಕುವ ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಹನಿ ತಾಗಿಸಿ, ಹಗುರಾಗಿ ಒರೆಸಿ. ಒತ್ತಬೇಡಿ, ಅದು ಕೂತಿರುವುದು ತೀರಾ ತೆಳುವಾದ ತಂತಿಗಳ ಮೇಲೆ. ಮಳೆಗಾಲ ಕಳೆದ ಮೇಲೆ ನಮ್ಮ ಕಡೆ ಕ್ಯಾಮೆರಾ ಲೆನ್ಸಿಗೆ ಬೂಷ್ಟು ಬರುತ್ತದಲ್ಲ, ಇದಕ್ಕೂ ಆ ಯೋಗ ತಪ್ಪಿದ್ದಲ್ಲ. ಅತ್ತರು, ಸ್ಯಾನಿಟೈಸರ್ ಹಾಕಬೇಡಿ, ಕಲೆ ಉಳಿಯುತ್ತದೆ.

ಕೇಳಿದವರು (ಸಂತೆಕಟ್ಟೆ), ಐದು ದಿನ ಬಿಟ್ಟು

ಸರ್, ಆಯಿತು! ಹೊಸ ಡಿವಿಡಿ ಮೈನಸ್ ಆರ್, 8ಎಕ್ಸ್. ಮೊದಲ ಡಿಸ್ಕೇ ವೆರಿಫೈವರೆಗೆ ಹೋಗಿ ಪಾಸಾಯಿತು. ಮತ್ತೆ ಎರಡೂ ಹಾಗೆಯೇ. ಹಳೆಯ ಡಬ್ಬದ್ದು ಒಂದನ್ನು 8ಎಕ್ಸ್‌ನಲ್ಲಿ ನೋಡುವ ಅಂತ ಹಾಕಿದೆ, ಅದೂ ಬರೆಯಿತು, ಆದರೆ ವೆರಿಫೈನಲ್ಲಿ ಬಿತ್ತು. ಹಾಳಾದ ಎಂಟನ್ನೂ ಹೆಂಡತಿ ಬಸಳೆ ಚಪ್ಪರಕ್ಕೆ ಕಟ್ಟಿದ್ದಾಳೆ, ಹಕ್ಕಿ ಓಡಿಸಲಿಕ್ಕೆ.

ಭಾನುವಾರ ಊರಿಗೆ ಕೊಂಡುಹೋಗಿ ಹಾಕಿ ಕೊಟ್ಟೆ. ಅಪ್ಪ ಮೂರನ್ನೂ ಒಂದೇ ದಿನ ನೋಡಿದರು. ದೂರು ಒಂದೇ, ಚೆಂಡೆ ಸಣ್ಣಗೆ ಕೇಳುತ್ತದಂತೆ. ಪುನಃ ಬರ್ನ್ ಮಾಡಬೇಕಾ?

ಉತ್ತರ

ಹಳೆಯ ಡಬ್ಬದಲ್ಲಿ ಉಳಿದದ್ದನ್ನೂ ಚಪ್ಪರಕ್ಕೇ ಕೊಡಿ. ಬರೆದು ಮುಗಿಯಿತು ಅಂತ ತೋರಿಸಿ ಒಳಗೆ ಓದಲಾಗದ ಡಿಸ್ಕ್ ಮಾಡಿ ಕೊಡುವುದು ಎರರ್ ಬರುವುದಕ್ಕಿಂತ ಅಪಾಯ. ಆ ಮೂರು ಐಎಸ್ಒ ಫೈಲ್ ಅಳಿಸಬೇಡಿ, ಇನ್ನೊಂದು ಹಾರ್ಡ್‌ಡಿಸ್ಕಿಗೆ ಹಾಕಿಡಿ.

ಚೆಂಡೆಗೆ ಪುನಃ ಬರ್ನ್ ಬೇಡ. ಮೊದಲು ಟಿವಿ ವಾಲ್ಯೂಮ್ ಎಷ್ಟರಲ್ಲಿ ಉಂಟು ನೋಡಿ. ಆಮೇಲೆ ಪ್ಲೇಯರಿನ ಹಿಂದಿನ ಕೆಂಪು, ಬಿಳಿ ಪಿನ್ ಎರಡೂ ಸರಿಯಾಗಿ ಕೂತಿವೆಯಾ ಅಂತ.

ಕೇಳಿದವರು

ಬಿಳಿ ಪಿನ್ ಕಳಚಿ ನೇತಾಡುತ್ತಿತ್ತು ಸರ್.